ಮಾಮನ ಎರಡನೆಯ ಮೋಟಾರು

ನಮ್ಮ ಮಾಮನಷ್ಟು ನಿಧಾನದ ಮನುಷ್ಯ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಅವನು ಇನ್ನೂ ಹುಟ್ಟುತ್ತಲೇ ಇರಬೇಕು!

ಮಾಮ ಎಂದರೆ ನಮ್ಮ ಅವ್ವನ ಒಬ್ಬನೇ ತಮ್ಮ. ಅವನು ಸ್ನಾನಕ್ಕೆ ಹೋದನೆಂದರೆ ನಾವು ಅಕ್ಕಿ ನೆನೆಹಾಕಿ ದೋಸೆಗೆ ರುಬ್ಬಿಕೊಳ್ಳಬಹುದಿತ್ತು. ಅವನು ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ಪಂಕ್ತಿಯಲ್ಲಿ ಕುಳಿತವರೆಲ್ಲ ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡು, ಹಳೆಯ ಜಗಳವೊಂದನ್ನು ಹೊಸದಾಗಿ ಆಡಿ ಮುಗಿಸಿರುತ್ತಿದ್ದರು. ಕಂಪ್ಲಿಯಿಂದ ಹೊಸಪೇಟೆಗೆ ಹೊರಡುವ ಬಸ್ಸಿನ ಕಂಡಕ್ಟರು ಅವನನ್ನು ದೂರದಲ್ಲಿ ಕಂಡ ಕೂಡಲೇ ‘ರೈಟ್’ ಎಂದು ಸೀಟಿ ಊದುತ್ತಿದ್ದ. ಕಾಯುತ್ತಾ ನಿಂತರೆ ತಾನು ರಿಟೈರಾಗುತ್ತೇನೆಂಬ ಭಯ ಅವನಿಗೆ!

ಇನ್ನು ಮಾಮನ ನಡಿಗೆಯನ್ನು ನೋಡಬೇಕಿತ್ತು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ತಿರುಗಿ ಹಿಂದೆ ನೋಡುವುದು, ಮತ್ತೆ ನಾಲ್ಕು ಹೆಜ್ಜೆ. ಹಿಂದೆ ಬರುವವರು ‘ನನ್ನನ್ನೇ ಕರೆದರೇನೋ’ ಎಂದು ಓಡಿ ಬಂದು, “ಏನ್ರೀ ಗೌಡ್ರ?” ಎನ್ನುತ್ತಿದ್ದರು. ಮಾಮ, “ಏನಿಲ್ಲಪ್ಪ, ನೀ ಹೋಗು” ಎನ್ನುತ್ತಿದ್ದ. ನಾಯಿಗೆ ಹೆದರುತ್ತಾನೆ ಎಂದು ಓಣಿಯ ಹುಡುಗರು ತೀರ್ಮಾನಿಸಿದ್ದರು. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ನಾನೋ ಅವಸರದ ಪಿಂಡ. ಹೊಸಪೇಟೆಯ ಶಾಲೆಯಲ್ಲಿ ಟೀಚರು, ಮನೆಯಲ್ಲಿ ಎರಡು ಮಕ್ಕಳು. ಗಂಟೆ ಹೊಡೆಯುವುದಕ್ಕೆ ಮೊದಲೇ ಓಡುವುದು ನನ್ನ ಜಾತಕದಲ್ಲೇ ಬರೆದಿದೆ. ಮಾಮನ ಜೊತೆ ಬಜಾರಿಗೆ ಹೋಗುವುದೆಂದರೆ ನನಗೆ ಬಿ.ಪಿ. ಏರುವ ಕೆಲಸ.

ಅದು ಕಾಲುವೆಯ ನೀರು ನಮ್ಮ ಕಡೆಯ ಹೊಲಗಳಿಗೆಲ್ಲ ನುಗ್ಗಿ, ಜನ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯಲು ಕಲಿತ ಕಾಲ. ರೊಕ್ಕ ಒಂದೇ ಬರುತ್ತದೆಯೇ? ಬರುವಾಗ ಜೊತೆಗೊಂದು ಹುಚ್ಚನ್ನೂ ಕರೆದುಕೊಂಡು ಬರುತ್ತದೆ! ಒಬ್ಬ ಟ್ರ್ಯಾಕ್ಟರು ಕೊಂಡು, ಅದರ ಮೇಲೆಯೇ ಹೆಂಡತಿಯನ್ನು ಹೆರಿಗೆಗೆ ತವರಿಗೆ ಬಿಟ್ಟು ಬಂದ. ಇನ್ನೊಬ್ಬ ಮಹಡಿ ಮನೆ ಕಟ್ಟಿಸಿದ, ಮೆಟ್ಟಿಲು ಮರೆತ. ಮುಂದೆ ಎಷ್ಟೋ ದಿನ ನಿಚ್ಚಣಿಕೆ ಹಾಕಿ ಹತ್ತಿದರು. ನಮ್ಮ ಮಾಮನಿಗೂ ಹಳೆಯ ಊರು ಡ್ಯಾಮಿನ ನೀರಿನೊಳಗೆ ಹೋದ ಮೇಲೆ ಕಂಪ್ಲಿ ಹತ್ತಿರ ಜಮೀನು ಸಿಕ್ಕಿತ್ತು. ಊರನ್ನು ನುಂಗಿದ ನೀರೇ ಕಾಲುವೆಯಾಗಿ ಬಂದು ಅವನ ಭತ್ತ, ಕಬ್ಬು, ಬಾಳೆಗಳನ್ನು ಬೆಳೆಸಿತು. ಕೈಯಲ್ಲಿ ನಾಲ್ಕು ಕಾಸು ಆಡಿತು. ಮಾಮ ಏನು ಕೊಂಡ ಗೊತ್ತೇ? ದೋಣಿ! ಅದಕ್ಕೆ ಹಿಂಬದಿಯಲ್ಲಿ ಸಿಕ್ಕಿಸುವ, ಎಮ್ಮೆಯಂಥ ಹಳೆಯ ಮೋಟಾರು ಒಂದು!

“ಯಾತಕ್ಕೋ ಇದು?” ಎಂದು ಅವ್ವ ಕೇಳಿದಳು.

“ಮೀನಿಗೆ” ಎಂದ.

ಮೀನು ಎಂಬ ಶಬ್ದ ನಮ್ಮ ಮನೆಯಲ್ಲಿ ಪಂಚಾಂಗದ ಮೀನರಾಶಿಗೆ ಮಾತ್ರ ಮೀಸಲು. ನಮ್ಮಜ್ಜಿ ಕೊನೆಗಾಲದಲ್ಲಿ ಅದನ್ನೂ ‘ಕೊನೀ ರಾಶಿ’ ಎನ್ನುತ್ತಿದ್ದಳು. ಅಂಥ ಮನೆತನದಲ್ಲಿ ಹುಟ್ಟಿದವನು ಮೀನು ಹಿಡಿಯುವುದೇ? ಮಾಮ ತನ್ನ ನಿಧಾನದ ದನಿಯಲ್ಲಿ ವಿವರಿಸಿದ. ದೋಣಿಯ ಹಿಂದೆ ಉದ್ದನೆಯ ದಾರ ಬಿಟ್ಟು ಮೆಲ್ಲಗೆ ಎಳೆಯುತ್ತಾ ಹೋಗಬೇಕಂತೆ. ಮೀನು ಬೆನ್ನುಹತ್ತಿ ಬಂದು ಕಚ್ಚುತ್ತದಂತೆ. ಸಮುದ್ರದ ಕಡೆಯವರು ದಡ ಬಿಟ್ಟು ಬಹಳ ದೂರ ಹೋಗಿ ಹೀಗೆಯೇ ಮಾಡುತ್ತಾರಂತೆ. ಇರಲಿ, ಡ್ಯಾಮಿನ ಹಿನ್ನೀರು ನಮ್ಮ ಪಾಲಿಗೆ ಸಮುದ್ರವೇ. ಮಳೆಗಾಲ ಮುಗಿದು ತುಂಬಿ ನಿಂತಾಗ ನಡುವೆ ಹೋದವರಿಗೆ ದಡದ ಗುಡ್ಡಗಳು ಗೆರೆಯಷ್ಟೇ ಕಾಣುತ್ತವೆ.

ಹಾಗೆ ಅಮಾವಾಸ್ಯೆಗೊಮ್ಮೆ ಹೋಗತೊಡಗಿದ. ಒಬ್ಬನೇ. ಹಿಂದಿನ ದಿನವೇ ಹೊಸಪೇಟೆಗೆ ಬಂದು ನಮ್ಮ ಮನೆಯಲ್ಲಿ ಉಳಿದು, ಬೆಳಿಗ್ಗೆ ಅವ್ವನ ಕೈಯಲ್ಲಿ ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದ. ಬುತ್ತಿಯೋ, ಇಬ್ಬರಿಗಾಗುವಷ್ಟು! “ಮೀನಿಗೂ ರೊಟ್ಟಿ ಒಯ್ಯತಾನೇನವ್ವ?” ಎಂದು ನಾನು ನಗುತ್ತಿದ್ದೆ. ಎಲ್ಲದಕ್ಕೂ ತಮ್ಮನನ್ನು ಬಯ್ಯುವ ಅವ್ವ ಈ ಬುತ್ತಿಯ ವಿಷಯದಲ್ಲಿ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅಷ್ಟು ಸಲ ಹೋದವನು ಒಂದು ಮೀನಿನ ಹುರುಪೆಯನ್ನಾದರೂ ತಂದನೇ? ಇಲ್ಲ! ಬದಲಿಗೆ ಒಂದೊಂದು ದಿನ ಮುಖ ಇಳಿಬಿಟ್ಟುಕೊಂಡು ಬಂದು, “ದಾರ ಹರೀತು” ಎಂದು ಮೂಲೆಯಲ್ಲಿ ಕೂರುತ್ತಿದ್ದ. ದಾರ ಹರಿದ ದಿನ ಊಟ ಮಾಡುತ್ತಿರಲಿಲ್ಲ. ದಾರವೇನು ಬಂಗಾರದ ಸರವೇ? ಕೇಳಿದರೆ, “ಈ ಮೋಟಾರು ಭಾಳ ಜೋರವ್ವಾ. ಇದಕ್ಕ ನಡಿಯಾಕ ಬರಂಗಿಲ್ಲ, ಓಡಾಕ ಅಷ್ಟ ಬರ್ತೈತಿ” ಎನ್ನುತ್ತಿದ್ದ.

“ನಿಧಾನ ಓಡಿಸು ಮತ್ತ!” ಎನ್ನುತ್ತಿದ್ದೆ ನಾನು.

“ನಿಧಾನ ಮಾಡಿದ್ರ ಪ್ಲಗ್ಗಿಗೆ ಮಸಿ ಹಿಡದು, ಕೆಮ್ಮಿ ಕೆಮ್ಮಿ ನಿಂದರ್ತೈತಿ.”

“ಹಂಗಾರ ಹುಟ್ಟು ಹಾಕು.”

“ಎರಡೂ ಕೈ ಹುಟ್ಟಿಗೆ ಹೋದ್ರ ದಾರ ಹಿಡಿಯೋರ್‍ಯಾರು?”

ಈ ವಾದದ ಕೊನೆಗೆ ಹುಟ್ಟಿದ್ದೇ ಎರಡನೆಯ ಮೋಟಾರಿನ ಯೋಚನೆ. ದೊಡ್ಡದರ ಪಕ್ಕದಲ್ಲಿ ಇನ್ನೊಂದು ಸಣ್ಣ ಮೋಟಾರು. ದೊಡ್ಡದು ಹೋಗುವುದಕ್ಕೆ, ಸಣ್ಣದು ನಡೆಯುವುದಕ್ಕೆ. ನಡುನೀರಿನಲ್ಲಿ ದೊಡ್ಡದು ಕೈಕೊಟ್ಟರೆ ಮನೆಗೆ ಮುಟ್ಟಿಸಲಿಕ್ಕೂ ಆಯಿತು. ಇದನ್ನು ಕೇಳಿ ಅವ್ವ ಹಣೆಹಣೆ ಬಡಿದುಕೊಂಡಳು. “ಎರಡನೇ ಹೆಂಡ್ತೀನ್ನ ಮಾಡ್ಕೊಳ್ಳೋ ಅಂತ ಬಾಯಿ ಬಡಕೊಂಡೆ. ಆಗ ಒಲ್ಲೆ ಅಂದಾಂವ, ಈಗ ಎರಡನೇ ಮೋಟಾರು ಹುಡುಕಾಕ ಹೊಂಟಾನ!”

ಹೆಂಡತಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಾಮನಿಗೆ ಮದುವೆಯಾಗಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ, ಊರು ಮುಳುಗುವ ಮೊದಲಿನ ವರ್ಷ, ಆಕೆ ಜ್ವರ ಬಂದು ತೀರಿಕೊಂಡಳಂತೆ. ಒಂದು ಫೋಟೋ ಸಹ ಇರಲಿಲ್ಲ. ಆಮೇಲೆ ಬಳಗದವರು ಎಷ್ಟೋ ಹೆಣ್ಣು ತೋರಿಸಿದರು. ಯಾರೋ ಪುಣ್ಯಾತ್ಮರು ಸೋದರಮಾವನೆಂಬ ನೆಪದಲ್ಲಿ ನನ್ನ ಹೆಸರನ್ನೂ ತೇಲಿಬಿಟ್ಟಿದ್ದರಂತೆ! ಮಾಮ, “ಆಕಿ ಭಾಳ ಓಡತಾಳ, ಬ್ಯಾಡ” ಎಂದನಂತೆ. ಸದ್ಯ, ನನ್ನ ಓಟ ನನ್ನನ್ನು ಉಳಿಸಿತು. ಯಾರನ್ನು ತೋರಿಸಿದರೂ ಒಲ್ಲೆ ಎಂದವನು ಮೋಟಾರನ್ನು ಆರಿಸಲು ಹೊರಟಾಗ ಮಾತ್ರ ಶಾಸ್ತ್ರೋಕ್ತವಾಗಿ ಕನ್ಯೆ ನೋಡುವವನಂತೆ ಹೊರಟ. ಅಕ್ಕನೂ ಬೇಕು, ಸೊಸೆಯೆಂದು ಅಕ್ಕನ ಮಗಳಾದ ನಾನೂ ಬೇಕು, ಹೊರಡುವ ಮುಂಚೆ ದೇವರಿಗೊಂದು ಕಾಯಿಯೂ ಬೇಕು.

ಮೊದಲು ಹೋದದ್ದು ಹೊಸಪೇಟೆಯಲ್ಲೇ ಪಂಪುಸೆಟ್ಟು ಮಾರುವ ಅಂಗಡಿಗೆ. ಅಂಗಡಿಯವನು ಚುರುಕು ಆಸಾಮಿ. ಕೆಂಪು ಬಣ್ಣದ ಹೊಸ ಮೋಟಾರೊಂದನ್ನು ಮುಂದಿಟ್ಟು, “ಗೌಡ್ರ, ಇದು ಹೊಂಟ್ರ ಮೀನಿಗೆ ಸುದ್ದಿ ಮುಟ್ಟೂದ್ರಾಗ ನೀವು ಆ ದಂಡಿ ಮುಟ್ಟಿರ್ತೀರಿ!” ಎಂದ.

“ಸುದ್ದಿ ಮುಟ್ಲಿ ಬಿಡಪ್ಪ. ಎಷ್ಟು ನಿಧಾನ ಹೋಗ್ತೈತಿ, ಅದನ್ನ ಹೇಳು.”

“ನಿಧಾನಾ?” ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

“ಹೂಂ. ನಿಂದರಬಾರದು, ಆದ್ರ ಹೋಗಾಕತ್ತೈತಿ ಅಂತ ನೀರಿಗೂ ಗೊತ್ತಾಗಬಾರದು.”

ಪಾಪ, ಅವನು ಹುಟ್ಟಿದಾಗಿನಿಂದ ವೇಗವನ್ನೇ ಮಾರಿದವನು. ಮಾತಿನಲ್ಲಿ ಗೆಲ್ಲಲಾರದೆ ನೀರು ತುಂಬಿದ ಡ್ರಮ್ಮಿಗೆ ಮೋಟಾರನ್ನು ಇಳಿಬಿಟ್ಟು ಹಗ್ಗ ಎಳೆದ. ಡ್ರಮ್ಮಿನೊಳಗಿದ್ದ ನೀರು ಎದ್ದು, ಕ್ಯಾಲೆಂಡರಿನ ಲಕ್ಷ್ಮಿಗೆ ಅಭಿಷೇಕ ಮಾಡಿ, ಉಳಿದದ್ದು ನಮ್ಮ ಮೇಲೆ ಬಿತ್ತು. ಮಾಮನ ಧೋತರ ಮೈಗಂಟಿತು. “ನೋಡಿದ್ರೇನ್ರಿ ಪವರು?” ಎಂದ ಅಂಗಡಿಯವನು, ತನ್ನ ಮುಖ ಒರೆಸಿಕೊಳ್ಳುತ್ತಾ.

“ನೋಡಿದೆಪ್ಪ. ಅರಿವಿ ಒಗಿಯಾಕ ಮಸ್ತ್ ಐತಿ” ಎಂದು ಮಾಮ ಎದ್ದ.

ಎರಡನೆಯ ಸಂಬಂಧ ಸಂಡೂರಿನದು. ಅಲ್ಲಿ ಗಣಿಯ ಕೆಲಸದಿಂದ ನಿವೃತ್ತರಾದ ಸಾಹೇಬರೊಬ್ಬರು ಷೋಕಿಗೆ ತರಿಸಿಟ್ಟುಕೊಂಡ ದೋಣಿ, ಮೋಟಾರು ಎರಡನ್ನೂ ಮಾರುತ್ತಾರೆಂದು ಗೊತ್ತಾಯಿತು. ಅವ್ವ, ಮಾಮ, ನಾನು ಬಸ್ಸಿನಲ್ಲಿ ಕೆಂಪು ಧೂಳು ಕುಡಿಯುತ್ತಾ ಹೋದೆವು. ಸಾಹೇಬರ ಮನೆಯಲ್ಲಿ ಉಪ್ಪಿಟ್ಟು, ಚಹಾ ಆಯಿತು. ಹೆಣ್ಣನ್ನು ಕರೆತರುವಂತೆ ಆಳು ಮೋಟಾರನ್ನು ಎರಡೂ ಕೈಯಲ್ಲಿ ಹೊತ್ತು ತಂದ. ಅದರ ಮೇಲೊಂದು ಟವೆಲಿನ ಸೆರಗು ಬೇರೆ! ಅವ್ವ ಅಭ್ಯಾಸಬಲದಿಂದ, “ವಯಸ್ಸೆಷ್ಟ್ರೀ?” ಎಂದು ಕೇಳಿಬಿಟ್ಟಳು.

ಆಮೇಲೆ ಕೆರೆಗೆ ಹೋದೆವು. ಮಾಮ ಸಾಹೇಬರ ದೋಣಿಯಲ್ಲಿ ಕುಳಿತು, ಏರಿಯ ಮೇಲೆ ನಿಂತ ಅವ್ವನಿಗೆ, “ಅಕ್ಕಾ, ನೀ ಹಂಗ ದಂಡಿ ಹಿಡದು ನಡಿ” ಎಂದ. ಅವ್ವನ ನಡಿಗೆಗೆ ದೋಣಿ ಸರಿಯಾಗಿ ಜೋಡಿಯಾಗಿ ಬರಬೇಕಂತೆ! ಇದೆಂಥ ಪರೀಕ್ಷೆ? ಅವ್ವ ಬಯ್ಯುತ್ತಾಳೆ ಎಂದು ನಾನು ಕಾದೆ. ಅವ್ವ ಮರುಮಾತಿಲ್ಲದೆ ನಡೆದಳು!

“ಅಷ್ಟು ಜೋರ್ ಬ್ಯಾಡಕ್ಕಾ.”

ಅವ್ವ ನಿಧಾನಿಸಿದಳು.

“ಇನ್ನಾ ಸ್ವಲ್ಪ… ನಿನಗ ಗೊತ್ತೈತಲ್ಲ.”

ಆಗ ಅವ್ವ ಎಡಗಾಲನ್ನು ಒಂಚೂರು ಎಳೆದು ಎಳೆದು ನಡೆಯತೊಡಗಿದಳು. ಮಂಡಿನೋವು ಬಂತೆಂದು ನಾನು ಗಾಬರಿಯಾದೆ. ದೋಣಿ ಮಾತ್ರ ಅವಳನ್ನು ಹಿಂದೆ ಹಾಕಿ ಮುಂದೆ ಹೋಯಿತು. ತಡೆದರೆ ಕೆಮ್ಮಿತು, ಬಿಟ್ಟರೆ ಓಡಿತು. ಮಾಮ ದಡಕ್ಕೆ ಬಂದು ಸಾಹೇಬರಿಗೆ ಕೈಮುಗಿದು, “ಅಕ್ಕ ಹಿಂದ ಉಳಿದ್ಲ್ರೀ. ಆಗೂದಿಲ್ಲ” ಎಂದ. ಸಾಹೇಬರಿಗೆ ಕೊನೆಯವರೆಗೂ ತಮ್ಮ ಮೋಟಾರಿನ ದೋಷವೇನೆಂದು ತಿಳಿಯಲಿಲ್ಲ. ಬಸ್ಸಿನಲ್ಲಿ ನಾನು, “ಅವ್ವಾ, ಮಂಡಿಗೆ ಎಣ್ಣಿ ಹಚ್ಚಲೇನು?” ಎಂದೆ. ಅವ್ವ, “ನನ್ನ ಮಂಡಿಗೆ ಏನಾಗೇತಿ ದಾಡಿ?” ಎಂದು ಕಿಟಕಿಯ ಕಡೆಗೆ ತಿರುಗಿ ಕುಳಿತಳು.

ಕೊನೆಗೆ ಕನ್ಯೆ ಸಿಕ್ಕಿದ್ದು ಮಾಮನ ಊರ ಬಗಲಲ್ಲೇ. ಕಂಪ್ಲಿಯಲ್ಲಿ ಸೈಕಲ್ಲು, ಸ್ಟೋವು, ಪೈರಿಗೆ ಔಷಧಿ ಹೊಡೆಯುವ ಯಂತ್ರ ಎಲ್ಲವನ್ನೂ ರಿಪೇರಿ ಮಾಡುವ ಮೇಸ್ತ್ರಿಯೊಬ್ಬನಿದ್ದ. ಅವನು ಆ ಔಷಧಿ ಯಂತ್ರದ ಎಂಜಿನ್ನಿಗೆ ಒಂದು ಕೊಳವೆ, ಕೊಳವೆಯ ತುದಿಗೆ ಹಿತ್ತಾಳೆ ತಗಡಿನ ಫ್ಯಾನು ಬೆಸೆದು ಮೋಟಾರು ಮಾಡಿದ್ದ. “ಗೌಡ್ರ, ಖರೇ ಹೇಳತೀನಿ. ಇದು ಭಾಳ ಗರೀಬ್ ಎಂಜಿನ್ನು. ಜೋರ್ ಹೋಗಂದ್ರೂ ಹೋಗಂಗಿಲ್ಲ” ಎಂದು ಮೊದಲೇ ತಪ್ಪೊಪ್ಪಿಕೊಂಡ. ಮಾಮನ ಮುಖ ಅರಳಿದ್ದನ್ನು ನೋಡಬೇಕಿತ್ತು!

ದೋಣಿ ಇದ್ದದ್ದು ಡ್ಯಾಮಿನ ದಂಡೆಯಲ್ಲಿ. ಅಲ್ಲಿಯವರೆಗೆ ಬರಲು ಮೇಸ್ತ್ರಿಗೆ ಪುರುಸೊತ್ತಿಲ್ಲ. ಬುಕ್ಕಸಾಗರದ ಹತ್ತಿರ ಹೊಳೆಯಲ್ಲಿ ಹರಿಗೋಲು ಇತ್ತಲ್ಲ, ಅದಕ್ಕೇ ಕಟ್ಟಿ ನೋಡೋಣವೆಂದ. ಓದುಗರೇ, ಹರಿಗೋಲು ಎಂದರೆ ದೊಡ್ಡ ಬಿದಿರು ಬುಟ್ಟಿ. ದುಂಡಗೆ, ಚಂದ್ರನ ಹಾಗೆ. ಅದಕ್ಕೆ ಮುಂದೆ ಯಾವುದು, ಹಿಂದೆ ಯಾವುದು? ನಮ್ಮ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ಇಬ್ಬರು ಗಂಡಸರಿಗೆ ಈ ಪ್ರಶ್ನೆ ಹೊಳೆಯಲೇ ಇಲ್ಲ! ಅಂಚಿಗೆ ಮೋಟಾರು ಬಿಗಿದರು, ಹಗ್ಗ ಎಳೆದರು. ಹರಿಗೋಲು ಇದ್ದಲ್ಲೇ ಬೀಸುಕಲ್ಲಿನಂತೆ ತಿರುಗತೊಡಗಿತು. ಹರಿಗೋಲಿನ ಅಂಬಿಗ ಅಂಚನ್ನು ತಬ್ಬಿಕೊಂಡು, “ಯಾ ಕಡಿ ಹೊಂಟೀವ್ರೀ?” ಎಂದು ಕೂಗಿದ.

“ಎಲ್ಲಾ ಕಡಿ!” ಎಂದು ಮೇಸ್ತ್ರಿ ಚೀರಿದ.

ಹಂಪಿ ನೋಡಲು ಬಂದು ದಾರಿ ತಪ್ಪಿದ್ದ ಬಿಳಿಯರಿಬ್ಬರು, ಇದು ಇಲ್ಲಿನ ಯಾವುದೋ ಪುರಾತನ ವಿಧಿ ಎಂದು ತಿಳಿದು, ಭಕ್ತಿಯಿಂದ ಫೋಟೋ ತೆಗೆದರು. ಪೆಟ್ರೋಲು ಮುಗಿದ ಮೇಲೆ ಮಾಮ ಇಳಿದು, ಒಂದು ಬಂಡೆಯನ್ನು ಅಪ್ಪಿಕೊಂಡು ಬಹಳ ಹೊತ್ತು ಕುಳಿತ. ಕಣ್ಣು ತೆರೆದವನೇ, “ನಡಿಗಿ ಛಲೋ ಐತಿ. ಹರಿಗೋಲು ದುಂಡಗಿದ್ರ ಇದೇನು ಮಾಡ್ತೈತಿ ಪಾಪ” ಎಂದ. ಸಂಬಂಧ ಕುದುರಿತು!

ಅದನ್ನು ದೋಣಿಗೆ ಕಟ್ಟಿ, ಡ್ಯಾಮಿನ ದಂಡೆಯಲ್ಲಿ ಅವ್ವನನ್ನು ಮತ್ತೆ ನಡೆಸಿದ್ದಾಯಿತು. ಅವ್ವ ಅದೇ ರೀತಿ ಎಡಗಾಲು ಎಳೆಯುತ್ತಾ ನಡೆದಳು. ದೋಣಿ ಪಟ ಪಟ ಎನ್ನುತ್ತಾ ಅವಳ ಸರಿಸಮಕ್ಕೆ ಬಂತು. ಹಿಂದೆ ಬೀಳಲಿಲ್ಲ, ಮುಂದೆ ಹೋಗಲಿಲ್ಲ. ದಂಡೆ ಮುಗಿಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಾಳಿಗೆ ಕಣ್ಣಲ್ಲಿ ಏನೋ ಬಿದ್ದಿರಬೇಕೆಂದುಕೊಂಡೆ ನಾನು, ಅವಸರದವಳು.

ಮರು ಅಮಾವಾಸ್ಯೆಗೆ ಶಾಲೆಗೆ ರಜೆ ಇತ್ತು. ಮಾಮ ಮೊದಲ ಸಲ, “ನೀನೂ ಬರ್ತೀಯೇನು? ಮುಂದ ನೋಡಾಕ ಒಬ್ರು ಬೇಕು” ಎಂದ. ಮೀನು ಕಚ್ಚುವುದನ್ನು ನೋಡಿಯೇಬಿಡೋಣವೆಂದು ಹೊರಟೆ. ಅವ್ವ ಬುತ್ತಿಯ ಮೇಲೆ ಎರಡು ಹೋಳಿಗೆ ಇಟ್ಟು ಗಂಟು ಬಿಗಿದಳು. ಬಾಗಿಲವರೆಗೂ ಬಂದು ನಿಂತಳು.

ದೊಡ್ಡ ಮೋಟಾರು ಗುಡುಗುತ್ತಾ ನಮ್ಮನ್ನು ದೂರ ಒಯ್ದಿತು. ಡ್ಯಾಮಿನ ಗೋಡೆ ಸಣ್ಣದಾಯಿತು. ಎತ್ತ ನೋಡಿದರೂ ನೀರು; ಒಂದು ಹಕ್ಕಿಯೂ ಇಲ್ಲ. ಇಂಥಲ್ಲಿಗೆ ಈ ಮನುಷ್ಯ ಇಷ್ಟು ವರ್ಷ ಒಬ್ಬನೇ ಬರುತ್ತಿದ್ದನೇ! ಮಾಮ ದೂರದ ಎರಡು ಗುಡ್ಡಗಳ ತುದಿಗಳನ್ನು ಕಣ್ಣಳತೆಯಲ್ಲಿ ಹೊಂದಿಸಿಕೊಂಡು ದೊಡ್ಡ ಮೋಟಾರನ್ನು ನಿಲ್ಲಿಸಿದ. ಚೀಲದಿಂದ ದಾರ ತೆಗೆದ. ನೋಡುತ್ತೇನೆ, ತುದಿಯಲ್ಲಿ ಒಂದು ಸೀಸದ ಗುಂಡು ಮಾತ್ರ!

“ಮಾಮ, ಗಾಳದ ಕೊಕ್ಕಿ ಎಲ್ಲೈತಿ?”

“ಕೊಕ್ಕಿ ಯಾತಕ್ಕ? ಯಾರನ್ನ ಚುಚ್ಚಬೇಕು?”

ದಾರ ಇಳಿಯಿತು, ಇಳಿಯುತ್ತಲೇ ಹೋಯಿತು. ಸಣ್ಣ ಮೋಟಾರು ಪಟ ಪಟ ಎಂದಿತು. ಸ್ವಲ್ಪ ಹೊತ್ತಿಗೆ ಮಾಮನ ಬೆರಳು ದಾರದ ಮೇಲೆ ಮಿಸುಕಿತು. “ಇದು ನಮ್ಮೂರ ಅಗಸಿ ಬಾಗಿಲದ ಕಲ್ಲು” ಎಂದ. “ಇಲ್ಲಿಂದ ಹೊಲಕ್ಕ ಹೋಗೂ ದಾರಿ.”

ಮುಳುಗಿದ ಹಳೆಯ ಊರು ನಮ್ಮ ದೋಣಿಯ ಕೆಳಗೇ ಇತ್ತು!

ಆ ದಾರಿಯ ಉದ್ದಕ್ಕೂ ನಾವು ನಡೆಯುವ ವೇಗದಲ್ಲಿ ಹೋದೆವು. ಎಷ್ಟು ಹೊತ್ತಾಯಿತೋ, ದಾರ ಮತ್ತೆ ಮೆಲ್ಲಗೆ ತಡೆದು ನಿಂತಿತು. “ಬಾವಿ ಕಲ್ಲುಕಂಬ. ಎತ್ತು ಹೂಡಿ ನೀರೆತ್ತುತಿದ್ವಿ” ಎಂದು ಮೋಟಾರು ನಿಲ್ಲಿಸಿದ. ಎಂಥ ಬೇಸಿಗೆಯಲ್ಲೂ ಆ ಜಾಗ ನೀರು ಬಿಟ್ಟು ಮೇಲೇಳುವುದಿಲ್ಲವಂತೆ. ಕಾಲಿನ ಚಪ್ಪಲಿ ಕಳಚಿ ಬದಿಗಿಟ್ಟ. ನಡುನೀರಿನಲ್ಲಿ, ದೋಣಿಯೊಳಗೆ! ನಾನೂ ಕಳಚಿದೆ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲಿ ಮಣ್ಣು ಮಾಡುತ್ತೇವೆ, ಅಮಾವಾಸ್ಯೆಗೆ ಹೋಗಿ ಎಡೆ ಇಟ್ಟು ಬರುತ್ತೇವೆ. ಊರು ಬಿಡುವಾಗ ಜನ ಬಾಗಿಲು, ತೊಲೆ, ದೇವರು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋದರು. ಬಾವಿಯ ಬದಿಯ ಮಣ್ಣಿನಲ್ಲಿದ್ದ ಹೆಂಡತಿಯನ್ನು ಮಾಮ ಹೇಗೆ ಹೇರಿಯಾನು?

ಬುತ್ತಿ ಬಿಚ್ಚಿದ. ಒಂದು ಪಾಲನ್ನು ಎಲೆಯ ಮೇಲೆ ನೀರಿಗೆ ಬಿಟ್ಟ. ಇನ್ನೊಂದನ್ನು ತಾನು ತಿನ್ನತೊಡಗಿ, ನೆನಪಾಗಿ, ಅರ್ಧ ಮುರಿದು ನನಗೆ ಕೊಟ್ಟ.

“ನಿಮ್ಮತ್ತೀದು ಎಡಗಾಲು ಸ್ವಲ್ಪ ಊನ ಇತ್ತವ್ವಾ” ಎಂದ. “ಮದುವಿಗಿಂತ ಮೊದ್ಲು ಗೊತ್ತಿತ್ತು, ಏನೂ ಅಂದಿದ್ದಿಲ್ಲ. ಆದ್ರ ಆಗ ನಾ ಭಾಳ ಓಡಾಂವ. ಊರಾಗ ನನ್ನಷ್ಟು ಜಲ್ದಿ ನಡಿಯೋರು ಯಾರೂ ಇದ್ದಿಲ್ಲ. ಹೊಲಕ್ಕ ಹೊಂಟ್ರ ನಾ ಮುಂದ ಮುಂದ. ಆಕಿ ತಲಿಮ್ಯಾಲ ಬುತ್ತಿ ಹೊತ್ಕೊಂಡು ಅಷ್ಟು ದೂರ ಹಿಂದ. ತಿರುಗಿ ಸುದ್ದಾ ನೋಡ್ತಿದ್ದಿಲ್ಲ. ‘ಜಲ್ದಿ ಬಾರಲೇ’ ಅಂತ ಒದರ್‍ತಿದ್ದೆ. ದಿನಾ. ಒಂದಿನಾನೂ ಜೋಡಿ ನಡಿಲಿಲ್ಲ.”

ನನಗೆ ಅಳು ಬಂತು, ಅತ್ತುಬಿಟ್ಟೆ.

ಮಾಮ ಕೈ ತೊಳೆದು, ದಾರವನ್ನು ಬಿಡಿಸಿಕೊಂಡು ಮತ್ತೆ ಹಿಂದಕ್ಕೆ ಬಿಟ್ಟ. “ನೀ ಮುಂದ ನೋಡ್ಕೊಂತ ಕುಂದ್ರು. ನಾ ಹಿಂದ ನೋಡ್ಬೇಕು” ಎಂದು ನನ್ನನ್ನು ದೋಣಿಯ ತುದಿಗೆ ಕಳಿಸಿದ. ದೊಡ್ಡ ಮೋಟಾರಿಗೆ ಕೈ ಹಾಕಲಿಲ್ಲ. ಸಣ್ಣದು ಪಟ ಪಟ ಎನ್ನುತ್ತಾ ಹೊಲದಿಂದ ಊರಿನ ದಾರಿ ಹಿಡಿಯಿತು. ಗಾಳಿ ಏಳುವ ಹೊತ್ತಾಗಿತ್ತು, ದಡ ಬಹಳ ದೂರವಿತ್ತು. ನಾನು ಗಡಿಯಾರ ನೋಡಲಿಲ್ಲ.

ನನ್ನ ಬೆನ್ನ ಹಿಂದೆ, ದಾರ ಹಿಡಿದು ನೀರಿನ ಕಡೆಗೆ ತಿರುಗಿ ಕುಳಿತಿದ್ದ ಮಾಮ, ಯಾರಿಗೋ ಮೆಲ್ಲಗೆ ಹೇಳುತ್ತಿದ್ದ:

“ಅವಸರಿಲ್ಲ. ನಿಧಾನ ಬಾ.”